ನಮ್ಮ ಫೋನಿನಲ್ಲಿ ಏಪ್ರಿಲ್

ಕೋಪ ನನ್ನ ಮೂಗಿನ ತುದಿಯಲ್ಲಿದೆ ಎಂದು ನನ್ನ ಗಂಡ ಊರೆಲ್ಲ ಹೇಳಿಕೊಂಡು ಬರುತ್ತಾನೆ. ಶುದ್ಧ ಸುಳ್ಳು. ಮೂಗಿನವರೆಗೆ ಏರಲು ನಾನು ಅದಕ್ಕೆ ಪುರಸೊತ್ತೇ ಕೊಡುವುದಿಲ್ಲ, ಅದಕ್ಕೆ ಮೊದಲೇ ಬಾಯಿಂದ ಹೊರಗೆ ಹಾಕಿಬಿಡುತ್ತೇನೆ. ಬಾಯಿ ಮುಚ್ಚಿಕೊಂಡಿದ್ದರೆ ಲುಡಿವಿನಾ ಇಷ್ಟು ಹೊತ್ತಿಗೆ ಎಲ್ಲಿಯೋ ಇರುತ್ತಿದ್ದಳು ಎನ್ನುವವರೂ ಇದ್ದಾರೆ. ಇರಬಹುದು. ಸದ್ಯಕ್ಕಂತೂ ವಿನಿಪೆಗ್‌ನ ಒಂದು ಲಾಂಡ್ರಿಯ ನೆಲಮಾಳಿಗೆಯಲ್ಲಿದ್ದೇನೆ. ಊರಿನ ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಬರುವುದು ಇಲ್ಲಿಗೇ.

ನಮ್ಮ ಬ್ರೇಕ್ ಕೋಣೆಯನ್ನು ಮೊದಲು ಹೇಳಿಬಿಡುತ್ತೇನೆ. ನಾಲ್ಕು ಮೇಜು, ಒಂದು ಮೈಕ್ರೋವೇವ್, ಗೋಡೆಯ ಮೇಲೆ ಒಂದು ಗಂಟೆ. ಹೊರಗೆ ನೋಡುವ ಕಿಟಕಿ ಇಲ್ಲ. ಒಂದು ಗೋಡೆಯಲ್ಲಿ ಮಾತ್ರ ತೆರೆಯಲಾಗದ ದಪ್ಪ ಗಾಜಿದೆ. ಅದರ ಆಚೆ ಕೊಳೆ ವಿಭಾಗ. ಆಸ್ಪತ್ರೆಯಿಂದ ಬಂದ ರಕ್ತದ ಚಾದರ, ವಾಂತಿಯ ಗೌನು, ಒಮ್ಮೊಮ್ಮೆ ಅದರ ಮಡಿಕೆಯಲ್ಲಿ ಯಾರದೋ ಹಲ್ಲಿನ ಸೆಟ್ಟು, ಎಲ್ಲವನ್ನೂ ಮೊದಲು ಬೇರ್ಪಡಿಸುವುದು ಅಲ್ಲಿ. ಅಲ್ಲಿಯವರು ಈ ಕಡೆ ಬರುವಂತಿಲ್ಲ, ನಾವು ಆ ಕಡೆ ಹೋಗುವಂತಿಲ್ಲ. ಅವರೂ ಬ್ರೇಕಿನಲ್ಲಿ ಗಾಜಿನ ಆಚೆಗಿನ ಬೆಂಚಿನ ಮೇಲೆ ಕೂರುತ್ತಾರೆ. ನಾವು ಗಾಜಿಗೆ ಬೆನ್ನು ಹಾಕಿ ಕೂತು ಊಟ ಮಾಡುತ್ತಿದ್ದೆವು, ಅದನ್ನೆಲ್ಲ ನೋಡಿಕೊಂಡು ಅನ್ನ ಇಳಿಯಬೇಕಲ್ಲ.

ಈ ಕೋಣೆಯಲ್ಲಿ ಫೋನಿಗೆ ಸಿಗ್ನಲ್ಲಿನ ಒಂದು ಗೆರೆಯೂ ಬರುವುದಿಲ್ಲ. ಮೇಲೆ ಕಾಂಕ್ರೀಟು, ಪಕ್ಕದಲ್ಲಿ ಚಾದರ ಇಸ್ತ್ರಿ ಮಾಡುವ ದೊಡ್ಡ ರೋಲರ್ ಯಂತ್ರ. ಹಾಗಾಗಿ ಕಾಲು ಗಂಟೆಯ ಬ್ರೇಕಿನಲ್ಲಿ ಏನು ನೋಡಬೇಕೆಂದರೂ ಅದು ಮೊದಲೇ ಫೋನಿನ ಹೊಟ್ಟೆಯೊಳಗೆ ಇರಬೇಕು. ನನ್ನ ಮಗ ಬಿಸಾಡಿದ್ದ ಹಳೇ ಫೋನಿನಲ್ಲಿ ಇದ್ದದ್ದು ಒಂದು ತರಕಾರಿ ಆಟ. ಮೂರು ಟೊಮೇಟೊ ಸಾಲಾಗಿ ಬಂದರೆ ಮಾಯ, ಮೂರು ಬದನೆ ಬಂದರೆ ಮಾಯ. ನೆಟ್ ಬೇಡ, ಸಿಮ್ ಬೇಡ. ಮೂಲೆ ಒಡೆದ ಆ ಫೋನು ನಮ್ಮ ಮೇಜಿನ ಆಸ್ತಿಯಾಯಿತು.

ಮೇಜಿನವರು ಎಂದರೆ ಮೂರೇ ಜನ. ನಾನು. ನನ್ನ ಹಾಗೆಯೇ ಫಿಲಿಪೀನ್ಸ್‌ನಿಂದ ಬಂದ ಎಸ್ಮಿ; ಹಿರಿಯರು, ಪಿಂಚಣಿಗೆ ಸ್ವಲ್ಪವೇ ಬಾಕಿ, ನಮ್ಮ ಕಡೆಯ ಪದ್ಧತಿಯಂತೆ ‘ಆತೆ’ ಎಂದು ಕರೆಯುತ್ತೇವೆ, ಅಕ್ಕ ಎಂದು. ಮೂರನೆಯವಳು ಎರಿಟ್ರಿಯಾದ ತ್ಸೆಹಾಯ್. ಅವಳೂ ಆತೆ ಎಂದೇ ಕರೆಯುತ್ತಾಳೆ. ಒಬ್ಬರಿಗೆ ಒಂದು ಆಟ, ಆಮೇಲೆ ಫೋನು ಬಲಗಡೆಯವರಿಗೆ. ಸೋತವರು ಎದ್ದು ಎಲ್ಲರಿಗೂ ಕಾಫಿ ತರಬೇಕು. ಆಡುತ್ತಿರುವವರನ್ನು ಎಷ್ಟು ಬೇಕಾದರೂ ಬೈಯಬಹುದು, ಫೋನು ಮುಟ್ಟುವಂತಿಲ್ಲ.

“ಅಲ್ಲೇ ಇದೆಯಲ್ಲೇ ಬದನೆಕಾಯಿ, ಕಣ್ಣು ಲಾಕರ್‌ನಲ್ಲಿ ಇಟ್ಟು ಬಂದಿದ್ದೀಯಾ?”

“ನೀನು ಸುಮ್ನಿರು ಲುಡಿ. ನಿನ್ನೆ ಮೂರು ಈರುಳ್ಳಿ ಕಾಣದೆ ಸೋತೋಳು ನೀನು,” ತ್ಸೆಹಾಯ್ ಅನ್ನುತ್ತಿದ್ದಳು.

ಇಷ್ಟೇ. ಇದಕ್ಕಿಂತ ಹೆಚ್ಚಿನದೇನೂ ಅಲ್ಲಿ ನಡೆಯುತ್ತಿರಲಿಲ್ಲ. ಬೆಳಗಿನಿಂದ ರೋಲರ್ ಯಂತ್ರಕ್ಕೆ ಚಾದರ ಉಣಿಸಿ ಉಣಿಸಿ ಭುಜ ಬಿದ್ದುಹೋದ ಮೇಲೆ ಆ ಬದನೆಕಾಯಿ ನಮಗೆ ಸ್ವರ್ಗ.

ಆಟದಲ್ಲಿ ಐದು ಹೃದಯ ಕೊಡುತ್ತಾರೆ. ಸೋತರೆ ಒಂದು ಹೋಗುತ್ತದೆ. ಐದೂ ಹೋದರೆ ಹೊಸದು ಹುಟ್ಟುವವರೆಗೆ ಅರ್ಧ ಗಂಟೆ ಕಾಯಬೇಕು, ನಮಗಿರುವುದೋ ಕಾಲು ಗಂಟೆ. ಆಟ ಮಾಡಿದವನು ಯಾವತ್ತೂ ಲಾಂಡ್ರಿಯಲ್ಲಿ ಕೆಲಸ ಮಾಡಿದವನಲ್ಲ ಎಂದು ಅದರಿಂದಲೇ ಗೊತ್ತಾಗುತ್ತದೆ. ಉಪಾಯ ಕಂಡುಹಿಡಿದವಳು ತ್ಸೆಹಾಯ್. ಫೋನಿನ ಗಡಿಯಾರವನ್ನೇ ಕೆಲವು ತಾಸು ಮುಂದಕ್ಕೆ ತಿರುಗಿಸಿದಳು. ಐದು ಹೃದಯವೂ ಕೆಂಪಗೆ ಬಂದು ಕೂತವು! ಆತೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

“ಇದು ಮೋಸ ಕಣ್ರೇ. ಗಡಿಯಾರದ ಹತ್ರ ಸುಳ್ಳು ಹೇಳೋದು.”

“ಆತೆ, ತರಕಾರಿಗೆ ಮೋಸ ಮಾಡಿದ್ರೆ ಯಾವ ನರಕಾನೂ ಇಲ್ಲ, ಆಡಿ,” ಅಂದೆ.

ಆತೆ ಕೇಳಲಿಲ್ಲ. ಬ್ರೇಕು ಮುಗಿದ ಮೇಲೆ ಗುಟ್ಟಾಗಿ ಗಡಿಯಾರವನ್ನು ಸರಿಯಾದ ಸಮಯಕ್ಕೆ ತಂದಿಟ್ಟರು. ಮರುದಿನ ಆಟ ಮುನಿಸಿಕೊಂಡಿತ್ತು. ಹಿಂದೆ ತಂದಷ್ಟು ಹೊತ್ತನ್ನೂ ಕಾದ ಮೇಲೆಯೇ ಹೃದಯ ಕೊಡುತ್ತೇನೆ ಎನ್ನುತ್ತಿತ್ತು. ಅಂದಿನಿಂದ ನಾವು ಹಿಂದಕ್ಕೆ ತಿರುಗಿಸಲೇ ಇಲ್ಲ. ಮುಂದಕ್ಕೆ, ಬರೀ ಮುಂದಕ್ಕೆ. ದಿನಕ್ಕೆ ಒಂದಿಷ್ಟು ಮುಂದೆ ಹೋಗಿ ಹೋಗಿ, ಹೊರಗೆ ಜನವರಿಯ ಚಳಿಗೆ ರೆಪ್ಪೆ ಅಂಟಿಕೊಳ್ಳುತ್ತಿದ್ದಾಗ ನಮ್ಮ ಫೋನಿನಲ್ಲಿ ಏಪ್ರಿಲ್ ಬಂದಿತ್ತು. “ನಮ್ಮ ಮೇಜಿನಲ್ಲಿ ಹಿಮ ಕರಗ್ತಾ ಇದೆ” ಎಂದು ತ್ಸೆಹಾಯ್ ಕೋಟು ಬಿಚ್ಚುತ್ತಾ ಹೇಳುತ್ತಿದ್ದಳು.

ಹೊಸ ವರ್ಷಕ್ಕೆ ಮೊದಲೇ ಬ್ರೆಂಟ್ ಬಂದಿದ್ದ.

ಬ್ರೆಂಟ್ ಹೊಸ ಮ್ಯಾನೇಜರ್. ಕೂಗುವವನಲ್ಲ, ಬೈಯುವವನಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ. ಕೂಗುವ ಮ್ಯಾನೇಜರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವರ ಜೊತೆ ಕೂಗಾಡಬಹುದು. ಇಂಥವನ ಜೊತೆ ಏನು ಮಾಡುವುದು? ಬಂದ ಹೊಸದರಲ್ಲೇ ನೆಲಮಾಳಿಗೆಗೆ ವೈಫೈ ಹಾಕಿಸಿದ. ಪುಕ್ಕಟೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಆತೆಯೂ ತಟ್ಟಿದರು. ಆಮೇಲೆ ಗೊತ್ತಾಯಿತು, ವೈಫೈ ಬೇಕೆಂದರೆ ಕಂಪನಿಯ ಆ್ಯಪ್ ಹಾಕಿಕೊಳ್ಳಬೇಕು. ಇನ್ನೂ ಸ್ವಲ್ಪ ದಿನಕ್ಕೆ, ವೈಫೈ ಬೇಡವೆಂದರೂ ಹಾಕಿಕೊಳ್ಳಬೇಕು ಎಂದಾಯಿತು.

ಬ್ರೇಕಿಗೆ ಕೂತ ಕೂಡಲೇ ಆ ಆ್ಯಪ್ ತೆರೆಯಬೇಕು. ನಾವು ಎಷ್ಟು ಹೊತ್ತಿಗೆ ಕೂತೆವು, ಎಷ್ಟು ಹೊತ್ತಿಗೆ ಎದ್ದೆವು ಎಂದು ಅದು ಬರೆದುಕೊಳ್ಳುತ್ತದೆ. ಬೇಜಾರಾಗದಿರಲಿ ಎಂದು ಅದರಲ್ಲೂ ಒಂದು ಆಟ. ಏನು ಆಟ ಎನ್ನುತ್ತೀರಿ? ಒಂದು ಚಾದರದ ಚಿತ್ರ, ಅದರ ಮೇಲೆ ಒಂದು ಕಲೆ. ಇದಕ್ಕೆ ಯಾವ ಸೋಪು, ಎಷ್ಟು ಬಿಸಿ ನೀರು? ಸರಿ ಹೇಳಿದರೆ ಅಂಕ. ಯಾರಿಗೆಷ್ಟು ಅಂಕ ಎಂದು ಕಾರಿಡಾರಿನ ಗೋಡೆಯ ಪರದೆಯ ಮೇಲೆ ಬರುತ್ತದೆ. ದಿನವಿಡೀ ಕಲೆ ತೊಳೆಯುವವರಿಗೆ ಬ್ರೇಕಿನಲ್ಲಿ ಕಲೆ ತೊಳೆಯುವ ಆಟ! ನನ್ನ ಮೈ ಉರಿಯಿತು.

“ನನ್ನ ಫೋನು ಇದೇ,” ಎಂದು ಆ ಮೂಲೆ ಒಡೆದ ಫೋನನ್ನು ಕೊಟ್ಟೆ. ನಿಜವಾದ ಫೋನು ಕೋಟಿನ ಜೇಬಿನಲ್ಲಿತ್ತು, ಅದನ್ನು ಇವರ ಕೈಗೆ ಯಾಕೆ ಕೊಡಲಿ? ಆಫೀಸಿನ ಹುಡುಗಿ ಅದಕ್ಕೇ ಆ್ಯಪ್ ಹಾಕಿಕೊಟ್ಟಳು. ದಿನಾಂಕದ ಕಡೆ ಅವಳ ಕಣ್ಣು ಹೋಗಲಿಲ್ಲ. ದಿನವೂ ಕೂತ ಕೂಡಲೇ ಅದನ್ನು ಒತ್ತುತ್ತಿದ್ದೆ, ಏಳುವಾಗ ಇನ್ನೊಮ್ಮೆ ಒತ್ತುತ್ತಿದ್ದೆ, ನಡುವೆ ನಮ್ಮ ಬದನೆಕಾಯಿ. ಗಡಿಯಾರದ ವಿಷಯ ಸತ್ಯವಾಗಿಯೂ ನನ್ನ ತಲೆಗೆ ಬರಲಿಲ್ಲ. ಏಪ್ರಿಲ್ ನಮಗೆ ಅಷ್ಟು ಅಭ್ಯಾಸವಾಗಿ ಹೋಗಿತ್ತು.

ಆ ದಿನಗಳಲ್ಲೇ ನಮ್ಮ ಪಾಳಿಯ ಮುಖ್ಯಸ್ಥೆ ಕೆಲಸ ಬಿಟ್ಟಳು. ಆ ಜಾಗ ನನಗೆ ಬೇಕಿತ್ತು, ಮುಚ್ಚುಮರೆ ಯಾಕೆ? ಮುಖ್ಯಸ್ಥೆಗೆ ಪಾಳಿ ಬದಲಾಗುವುದಿಲ್ಲ, ಯಾವಾಗಲೂ ಹಗಲು. ನನ್ನ ಗಂಡನೂ ಹಗಲಿನವನು. ನನಗೆ ರಾತ್ರಿ ಪಾಳಿ ಬಂದ ವಾರಗಳಲ್ಲಿ ನಾವಿಬ್ಬರೂ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ ಸಂಸಾರ ಮಾಡುತ್ತೇವೆ. ಇಬ್ಬರೂ ಒಂದೇ ಮೇಜಿಗೆ ಕೂತು ಬಿಸಿ ಅನ್ನ ಉಣ್ಣಬೇಕು ಎನ್ನುವುದು ನನ್ನ ಆಸೆ. ಚಾದರ ಎತ್ತುವ ಕೆಲಸವೂ ಇರುವುದಿಲ್ಲ, ಭುಜಕ್ಕೂ ಬಿಡುವು. ಅರ್ಜಿ ಹಾಕಿದ್ದೆ. ಸಿಗುತ್ತದೆ ಎಂದು ಒಳಗೊಳಗೇ ನಂಬಿದ್ದೆ ಕೂಡ.

ತಿಂಗಳ ಕೊನೆಗೆ ಬ್ರೆಂಟ್ ಬ್ರೇಕ್ ಕೋಣೆಗೆ ಕೇಕು ತಂದ. ಮೇಲೆ ನೀಲಿ ಸಕ್ಕರೆಯಲ್ಲಿ ನನ್ನ ಹೆಸರು.

“ಒಂದ್ನಿಮಿಷ ಎಲ್ರೂ ಕೇಳಿ,” ಅಂದ. “ನಮ್ಮ ಲುಡಿವಿನಾ ಬಗ್ಗೆ ಹೇಳಬೇಕು. ಈ ಇಡೀ ತಿಂಗಳು ಇವರು ಒಂದೇ ಒಂದು ಬ್ರೇಕ್ ತಗೊಂಡಿಲ್ಲ. ಒಂದೇ ಒಂದು! ರೆಕಾರ್ಡ್ ನನ್ನ ಹತ್ರ ಇದೆ.”

ಕೋಣೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನಾನು ದಿನವೂ ಅದೇ ಕುರ್ಚಿಯಲ್ಲಿ ಕೂತು, ಈರುಳ್ಳಿಗಾಗಿ ಕಿರುಚಾಡುವುದನ್ನು ಅವರೆಲ್ಲ ಕಂಡವರೇ. ಕಾಣದವನು ಅವನೊಬ್ಬ. ಮೇಲಿನ ಆಫೀಸಿನಲ್ಲಿ ಕೂತು ಅವನು ನಮ್ಮನ್ನು ಪರದೆಯಲ್ಲಿ ಮಾತ್ರ ನೋಡುತ್ತಿದ್ದ. ತ್ಸೆಹಾಯ್ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದಳು. ನನಗೆ ಆಗಷ್ಟೇ ಹೊಳೆಯಿತು: ಆ್ಯಪ್ ನಂಬಿದ್ದು ಫೋನಿನ ಗಡಿಯಾರವನ್ನು, ನನ್ನ ಬ್ರೇಕುಗಳೆಲ್ಲ ಏಪ್ರಿಲ್‌ನಲ್ಲಿ ಬರೆಯಲ್ಪಟ್ಟಿವೆ. ಜನವರಿಯಲ್ಲಿ ನಾನು ಕೂತೇ ಇಲ್ಲ.

“ಸೋಮವಾರದಿಂದ ಲುಡಿವಿನಾನೇ ಮುಖ್ಯಸ್ಥೆ,” ಅಂದ ಬ್ರೆಂಟ್.

ದೇವರಾಣೆ, ನಾನು ಬಾಯಿ ಮುಚ್ಚಿಕೊಳ್ಳಲು ಪ್ರಯತ್ನಿಸಿದೆ. ಬಿಸಿ ಅನ್ನ ಕಣ್ಣ ಮುಂದೆ ಬಂತು. ಯಂತ್ರದ ತಪ್ಪಿಗೆ ನಾನೇನು ಮಾಡಲಿ, ಕೊಟ್ಟದ್ದನ್ನು ತೆಗೆದುಕೊಂಡು ಕೇಕು ತಿಂದರಾಯಿತು ಎಂದುಕೊಂಡೆ. ಆತೆ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದರು, ಸುಮ್ಮನಿರು ಎಂದು. ಅವರು ಚಿವುಟಿದ್ದಕ್ಕೇ ನಾನು ಸುಮ್ಮನಿದ್ದೆ.

ಅವನು ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು.

“ಲುಡಿವಿನಾಗೆ ಆಗೋದಾದ್ರೆ ಬೇರೆಯವರಿಗೂ ಆಗತ್ತೆ ಅಲ್ವಾ?” ಅಂದ, ಅದೇ ಬೆಣ್ಣೆಯ ದನಿಯಲ್ಲಿ. “ಅದಕ್ಕೆ ಮುಂದಿನ ತಿಂಗಳಿಂದ ಮಧ್ಯಾಹ್ನದ ಬ್ರೇಕ್ ತೀರಾ ಬೇಕು ಅನ್ನಿಸಿದವರು ಮಾತ್ರ ತಗೊಳ್ಳಿ. ಮುಖ್ಯಸ್ಥೆ ಹತ್ರ ಕೇಳಿ ತಗೊಂಡ್ರೆ ಆಯ್ತು. ಬಲವಂತ ಏನಿಲ್ಲ.”

ನಾನು ತಲೆ ತಗ್ಗಿಸಿದೆ, ಆಗ ಆತೆಯ ಕಾಲು ಕಂಡಿತು. ಬ್ರೇಕಿನಲ್ಲಿ ಅವರು ಶೂ ಬಿಚ್ಚಿ ಪಾದವನ್ನು ತಣ್ಣನೆ ನೆಲಕ್ಕೆ ಒತ್ತಿಕೊಂಡು ಕೂರುತ್ತಾರೆ. ಊದಿಕೊಂಡ ಪಾದ, ಕಾಲುಚೀಲದ ಗುರುತು ಬಳೆಯ ಹಾಗೆ ಬಿದ್ದಿರುತ್ತದೆ. ಇನ್ನು ಈ ಪಾದವನ್ನು ನೆಲಕ್ಕೆ ಇಡಲು ಅವರು ನನ್ನನ್ನು ಕೇಳಬೇಕು. ಲುಡಿ, ಸ್ವಲ್ಪ ಕೂರಲಾ? ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಮೇಲೆ ಎಷ್ಟೋ, ಕೇಕು ನೋಡುತ್ತಾ ಸುಮ್ಮನೆ ಕೂತಿದ್ದ ನನ್ನ ಮೇಲೂ ಅಷ್ಟೇ.

ಎದ್ದು ನಿಂತೆ.

“ಬ್ರೆಂಟ್, ನಾನು ಎಲ್ಲಾ ಬ್ರೇಕೂ ತಗೊಂಡಿದ್ದೀನಿ. ಒಂದನ್ನೂ ಬಿಟ್ಟಿಲ್ಲ. ಗಂಟೆ ಹೊಡೆದ ಮೇಲೂ ಒಂದು ಗುಟುಕು ಕಾಫಿ ಕುಡಿದೇ ಎದ್ದಿರೋದು.”

“ರೆಕಾರ್ಡ್‌ನಲ್ಲಿ ಇಲ್ವಲ್ಲ,” ಎಂದು ನಕ್ಕ. ನಾನು ಸಂಕೋಚಪಡುತ್ತಿದ್ದೇನೆ ಎಂದುಕೊಂಡ, ಪಾಪ.

“ಇದೆ. ಏಪ್ರಿಲ್‌ನಲ್ಲಿ ನೋಡಿ.”

ಫೋನನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ನಾನು ಹೃದಯದ ಕಥೆ ಹೇಳಿದೆ, ಗಡಿಯಾರದ ಕಥೆ ಹೇಳಿದೆ, ಎಲ್ಲ ಬಿಡಿಸಿ ಹೇಳಿದೆ. ಮೊದಲು ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ತ್ಸೆಹಾಯ್ ನುಂಗಿಕೊಂಡಿದ್ದ ನಗುವನ್ನೆಲ್ಲ ಒಟ್ಟಿಗೇ ಹೊರಗೆ ಬಿಟ್ಟಳು. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬ್ರೆಂಟನ ಕಿವಿ ಕೆಂಪಾಯಿತು. ಆತೆ ಮಾತ್ರ ನಗಲಿಲ್ಲ. ಕಣ್ಣು ಮುಚ್ಚಿ ಕೂತಿದ್ದರು.

ಆಮೇಲೆ ಅವನು ನನ್ನನ್ನು ಕಾರಿಡಾರಿಗೆ ಕರೆದ. ಆಗಲೂ ದನಿ ಏರಿಸಲಿಲ್ಲ.

“ನೋಡಿ ಲುಡಿವಿನಾ, ತಪ್ಪು ಎಲ್ರಿಂದಾನೂ ಆಗತ್ತೆ. ಗಡಿಯಾರ ಸರಿ ಮಾಡಿ, ಆ ಆಟ ತೆಗೆದುಹಾಕಿ. ನಾನು ಇದನ್ನ ಮರೆತುಬಿಡ್ತೀನಿ. ಸೋಮವಾರದ ಕೆಲಸ ಈಗಲೂ ನಿಮ್ಮದೇ.”

“ಮಧ್ಯಾಹ್ನದ ಬ್ರೇಕು?”

“ಅದು ಬೇರೆ ವಿಷಯ.”

“ಅದೇ ವಿಷಯ,” ಅಂದೆ. “ಗಡಿಯಾರ ಹಿಂದಕ್ಕೆ ಹೋಗಲ್ಲ. ಹೋದ್ರೆ ಆಟ ಏಪ್ರಿಲ್‌ವರೆಗೂ ನಿಂತುಹೋಗತ್ತೆ.”

“ಒಂದು ಆಟಕ್ಕೋಸ್ಕರ ಕೆಲಸ ಬಿಡ್ತೀರಾ? ತರಕಾರಿ ಆಟಕ್ಕೆ?”

“ಹೌದಪ್ಪಾ, ತರಕಾರಿ ಆಟಕ್ಕೇ. ಉಳಿದ ಹೊತ್ತೆಲ್ಲ ನಿಮ್ಮ ಚಾದರ, ನಿಮ್ಮ ಕಲೆ, ನಿಮ್ಮ ಸೋಪು. ಆ ಕಾಲು ಗಂಟೇಲಿ ನಾನು ಬದನೆಕಾಯಿ ಜೋಡಿಸ್ತೀನೋ, ಗೋಡೆ ನೋಡ್ತೀನೋ, ನಿದ್ದೆ ಮಾಡ್ತೀನೋ, ಅದನ್ನ ಕೇಳೋಕೆ ನೀವು ಯಾರು? ಒಳಗಿರೋರ ಕಾಲು ಗಂಟೆ ಕಾಯೋ ಕೆಲಸ ನನಗೆ ಬೇಡ. ಬೇರೆ ಯಾರಿಗಾದ್ರೂ ಕೊಡಿ, ಕೇಕೂ ಅವರಿಗೇ ಕೊಡಿ.”

ಹಾಗೆಂದು ಫೋನನ್ನು ಅವನ ಕೈಯಿಂದ ತೆಗೆದುಕೊಂಡು, ಅವನೆದುರೇ ಕಂಪನಿಯ ಆ್ಯಪನ್ನು ಬೆರಳಿನಿಂದ ಒತ್ತಿ ಹಿಡಿದು ಅಳಿಸಿಹಾಕಿದೆ. ಭಯವಿರಲಿಲ್ಲ ಎಂದು ಹೇಳಿಕೊಳ್ಳಬಹುದು, ಆದರೆ ಭಯ ಇತ್ತು.

ಸೋಮವಾರ ನನ್ನನ್ನು ಕೊಳೆ ವಿಭಾಗಕ್ಕೆ ಹಾಕಿದರು. ಶಿಕ್ಷೆ ಎನ್ನಲಿಲ್ಲ, ‘ಅಲ್ಲಿ ಜನ ಕಡಿಮೆ ಇದ್ದಾರೆ’ ಅಂದರು. ಪಾಳಿಯೂ ಬದಲಾಗುತ್ತಲೇ ಇರುತ್ತದೆ. ಮನೆಯಲ್ಲಿ ಹೇಳಿದಾಗ ಗಂಡ ತಟ್ಟೆಯಲ್ಲಿ ಅನ್ನ ಕಲಸುತ್ತಾ, “ಚೀಟಿ ತರ್ಬೇಕು ಹಾಗಾದ್ರೆ, ಮುಗಿದುಹೋಗಿದೆ,” ಅಂದ. ಅಷ್ಟೇ ಅಂದದ್ದು. ಅವನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಕಡೆಗೆ ಫೋನು ಒಯ್ಯುವಂತಿಲ್ಲ. ಅಲ್ಲಿಗೆ ಹೋದ ಯಾವ ವಸ್ತುವೂ ಸುಲಭಕ್ಕೆ ಈಚೆ ಬರುವುದಿಲ್ಲ. ಹಾಗಾಗಿ ಬೆಳಗ್ಗೆ ಲಾಕರ್‌ಗಳ ಹತ್ತಿರ ನಮ್ಮ ಫೋನನ್ನು ಆತೆಗೆ ಕೊಡಲು ಹೋದೆ.

ಆತೆ ಕೈ ಹಿಂದಕ್ಕೆ ಕಟ್ಟಿಕೊಂಡರು. “ನನಗೆ ಬೇಡ ಕಣೇ. ಪಿಂಚಣಿ ಹತ್ರ ಬಂದಿದೆ. ಅವನು ನೋಡಿದ್ರೆ?”

ನನಗೆ ಕೋಪ ಬರಲಿಲ್ಲ. ದುಃಖವಾಯಿತು, ಅದು ಕೋಪಕ್ಕಿಂತ ಕಷ್ಟ. ತ್ಸೆಹಾಯ್ ನನ್ನ ಕೈಯಿಂದ ಫೋನು ಕಿತ್ತುಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಕೊಳೆ ವಿಭಾಗದ ವಾಸನೆಯನ್ನು ನಾನು ವರ್ಣಿಸುವುದಿಲ್ಲ. ಎರಡು ಜೊತೆ ಗ್ಲೌಸು, ಮುಖಕ್ಕೆ ಪ್ಲಾಸ್ಟಿಕ್ ತಡೆ, ಮೊಣಕಾಲಿನವರೆಗೆ ಗೌನು. ಮೊದಲ ಮೂಟೆಯಲ್ಲೇ ಒಂದು ಕತ್ತರಿ ಸಿಕ್ಕಿತು. ಪಕ್ಕದಲ್ಲಿ ನಿಂತಿದ್ದ ಓರೆಸ್ಟ್ ಎಂಬ ಉಕ್ರೇನಿನ ಮುದುಕ, “ಕೈ ಮೆಲ್ಲಗೆ ಹಾಕಮ್ಮ, ಇಲ್ಲಿ ಆತುರ ಮಾಡಿದ್ರೆ ಬೆರಳು ಹೋಗತ್ತೆ,” ಎಂದು ತೋರಿಸಿಕೊಟ್ಟ. ಮಧ್ಯಾಹ್ನದ ಬ್ರೇಕಿನ ಗಂಟೆ ಹೊಡೆದಾಗ ಎಲ್ಲ ಕಳಚಿ, ಮೊಣಕೈವರೆಗೆ ತೊಳೆದುಕೊಂಡು ಬಂದು ಗಾಜಿನ ಪಕ್ಕದ ಬೆಂಚಿನ ಮೇಲೆ ಕೂತೆ. ಗಾಜಿನ ಆಚೆ ನನ್ನ ಹಳೇ ಕೋಣೆ. ಎಲ್ಲರ ಬೆನ್ನುಗಳು ಕಂಡವು. ಇಷ್ಟು ವರ್ಷ ಈ ಕಡೆಯವರಿಗೆ ನಾನು ತೋರಿಸಿದ್ದೂ ಬೆನ್ನನ್ನೇ.

ನಮ್ಮ ಮೇಜಿನಲ್ಲಿ ನನ್ನ ಕುರ್ಚಿ ಖಾಲಿ ಇತ್ತು. ತ್ಸೆಹಾಯ್ ಫೋನು ಹಿಡಿದು ಏನೋ ಹೇಳುತ್ತಿದ್ದಳು, ಆತೆ ತಲೆಯಾಡಿಸುತ್ತಿದ್ದರು, ಬೇಡ ಬೇಡ ಎಂದು. ನಾನು ನೋಟ ಬೇರೆ ಕಡೆ ತಿರುಗಿಸಿದೆ.

ಆಗ ಗಾಜಿನ ಮೂಲಕವೂ ಕೇಳುವಂಥ ಕರ್ಕಶ ಸದ್ದು. ಆತೆ ಬರಿಗಾಲಿನಲ್ಲಿ ನಿಂತು ಮೇಜನ್ನು ಎಳೆಯುತ್ತಿದ್ದರು. ಕಬ್ಬಿಣದ ಕಾಲುಗಳು ನೆಲ ಕೆರೆಯುತ್ತಾ ಬಂದವು. ತ್ಸೆಹಾಯ್ ಇನ್ನೊಂದು ತುದಿ ಹಿಡಿದಳು. ಮೇಜು ಬಂದು ಗಾಜಿಗೆ ತಾಗಿ ನಿಂತಿತು. ಆತೆ ನನ್ನ ಎದುರಿಗೆ ಕೂತರು. ಫೋನನ್ನು ನನಗೆ ಕಾಣುವ ಹಾಗೆ ಓರೆಯಾಗಿ ಹಿಡಿದರು. ಆಮೇಲೆ ಹುಬ್ಬು ಹಾರಿಸಿದರು: ಯಾವುದು?

ನಾನು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ. ಮೇಲಿನ ಸಾಲಿನ ಟೊಮೇಟೊ. ಆತೆ ಅದರ ಪಕ್ಕದ ಈರುಳ್ಳಿ ಎಳೆದರು.

“ಅದಲ್ಲ! ಅಯ್ಯೋ ಆತೆ, ಅದಲ್ಲ!”

ಅವರಿಗೆ ಕೇಳಿಸುತ್ತಿರಲಿಲ್ಲ. ಆದರೆ ನಾನು ಬೈಯುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಾಯಿತು, ಅವರೂ ತಿರುಗಿ ಬೈದರು. ಒಂದು ಹೃದಯ ಹೋಯಿತು. ಓರೆಸ್ಟ್ ನನ್ನ ಭುಜದ ಮೇಲಿಂದ ಬಗ್ಗಿದ. “ಕೆಳಗೆ ನೋಡಮ್ಮಾ, ಕೆಳಗೆ ಮೂರು ಬದನೆಕಾಯಿ ಬಾಯಿ ಬಿಟ್ಕೊಂಡು ಕೂತಿದಾವೆ,” ಎಂದು ಅವನೂ ಗಾಜಿಗೆ ಬೆರಳಿಟ್ಟ. ಬೆಂಚಿನ ಮೇಲಿದ್ದ ಮಿಕ್ಕವರೂ ಎದ್ದು ಬಂದರು. ಆಚೆ ಕಡೆಯವರು ಕುರ್ಚಿ ತಿರುಗಿಸಿಕೊಂಡರು. ಗಾಜಿನ ತುಂಬ ಎರಡೂ ಕಡೆಯಿಂದ ಬೆರಳು. ಒಬ್ಬೊಬ್ಬರದು ಒಂದೊಂದು ಸಲಹೆ, ಆತೆಗೆ ತಲೆ ಕೆಟ್ಟು ಹೋಗಿ ಸೋತರು, ಮತ್ತೆ ಸೋತರು. ಇನ್ನೊಂದೇ ಹೃದಯ ಉಳಿದಿದ್ದಾಗ ಬಾಗಿಲಲ್ಲಿ ಬ್ರೆಂಟ್ ಬಂದು ನಿಂತ.

ಅವನನ್ನು ಮೊದಲು ಕಂಡವಳು ನಾನು. ಗಾಜು ಬಡಿದು ಆತೆಗೆ ಕಣ್ಣಿನಲ್ಲೇ ಹೇಳಿದೆ. ಆತೆ ಹಿಂದಕ್ಕೆ ತಿರುಗಿ ನೋಡಿದರು. ಫೋನು ಮುಚ್ಚಿಡುತ್ತಾರೆ, ಕಾಲು ಶೂಗೆ ತುರುಕುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹಾಗೆ ಮಾಡಿದ್ದರೆ ನಾನು ಅವರನ್ನು ಒಂದು ಮಾತೂ ಅನ್ನುತ್ತಿರಲಿಲ್ಲ.

ಆತೆ ಮತ್ತೆ ಈ ಕಡೆ ತಿರುಗಿದರು. ಕೊನೆಯ ಆಟ ಆಡಿದರು, ಸೋತರು. ಬ್ರೆಂಟ್ ಹತ್ತಿರ ಬಂದು ಏನೋ ಕೇಳಿದ. ಏನು ಕೇಳಿದನೆಂದು ಆಮೇಲೆ ತ್ಸೆಹಾಯ್ ಹೇಳಿದಳು: “ಎಸ್ಮಿ, ಬ್ರೇಕ್ ನಿಮಗೆ ತೀರಾ ಬೇಕಾಗಿತ್ತಾ?” ಅಂದನಂತೆ, ಬಲು ಮೃದುವಾಗಿ.

ಆತೆ ಫೋನನ್ನು ಎತ್ತಿ ಹಿಡಿದರು, ನನಗೂ ಕಾಣಬೇಕು, ಅವನಿಗೂ ಕಾಣಬೇಕು, ಹಾಗೆ. ಗಡಿಯಾರದ ಪುಟ ತೆರೆದರು. ಗಡಿಯಾರದ ಹತ್ತಿರ ಸುಳ್ಳು ಹೇಳಬಾರದು ಎಂದಿದ್ದ ಮುದುಕಿ, ಅವನು ನೋಡುತ್ತಿದ್ದ ಹಾಗೆಯೇ, ಒಂದೆರಡು ತಾಸಲ್ಲ, ಇಡೀ ತಿಂಗಳನ್ನು ಮುಂದಕ್ಕೆ ತಳ್ಳಿಬಿಟ್ಟರು. ಮೇ ತಿಂಗಳು ಬಂತು. ಐದು ಹೃದಯಗಳೂ ಕೆಂಪಗೆ ಬಂದು ಕೂತವು.

ಗಂಟೆ ಹೊಡೆಯಿತು. ಎರಡೂ ಕಡೆ ಒಬ್ಬರೂ ಏಳಲಿಲ್ಲ. ಆತೆ ಊದಿದ ಪಾದಗಳನ್ನು ತಣ್ಣನೆ ನೆಲಕ್ಕೆ ಗಟ್ಟಿಯಾಗಿ ಒತ್ತಿಕೊಂಡು, ನನ್ನ ಕಡೆ ನೋಡಿ, ಹುಬ್ಬು ಹಾರಿಸಿದರು.

ನಾನು ಗಾಜಿನ ಮೇಲೆ ಬೆರಳಿಟ್ಟೆ.